ಹೊಟ್ಟೆ ಕೆಟ್ಟಾಗ ಮನೆಯಲ್ಲಿ ಏನನ್ನು, ಯಾವ ಕ್ರಮದಲ್ಲಿ ಮಾಡಬೇಕು: ಸಮಗ್ರ ಮಾರ್ಗದರ್ಶಿ

ಮನೆಮದ್ದು ಮಾಡಿಕೊಂಡರೂ ಹೊಟ್ಟೆ ಸರಿಹೋಗಲಿಲ್ಲ ಎನ್ನುವವರನ್ನು ಏನೇನು ಮಾಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ: ವಾಂತಿಯಾದ ಕೂಡಲೇ ದೊಡ್ಡ ಲೋಟದ ತುಂಬ ನೀರು, ಅದರ ಬೆನ್ನಿಗೇ ಶುಂಠಿ ಕಷಾಯ, ಅದೂ ನಿಲ್ಲಲಿಲ್ಲವೆಂದು ಅಡುಗೆ ಸೋಡಾ, ಕೊನೆಗೆ ನಿತ್ರಾಣವಾಗುತ್ತದೆಂಬ ಭಯದಿಂದ ಹೊಟ್ಟೆ ತುಂಬ ಊಟ. ಇವುಗಳಲ್ಲಿ ಕೆಲವು ಒಳ್ಳೆಯ ಮದ್ದುಗಳೇ ಆಗಿದ್ದರೂ ಕೊಟ್ಟ ಹೊತ್ತು ಮತ್ತು ಕೊಟ್ಟ ಪ್ರಮಾಣ ತಪ್ಪಿರುತ್ತದೆ. ಆದ್ದರಿಂದ ಇಲ್ಲಿ ಮದ್ದುಗಳ ಪಟ್ಟಿಗಿಂತ ಹಂತಗಳ ಅನುಕ್ರಮಕ್ಕೆ ಹೆಚ್ಚಿನ ಗಮನ ಕೊಡಲಾಗಿದೆ. ಒಂದು ಹಂತವನ್ನು ಮುಗಿಸದೆ ಮುಂದಿನದಕ್ಕೆ ಹೋಗಬಾರದು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಬೇರೆ ಕಾಯಿಲೆಗಳಿಲ್ಲದ ವಯಸ್ಕರಿಗೆ ಅನ್ವಯಿಸುತ್ತದೆ. ಮಕ್ಕಳ ವಿಷಯ ಬೇರೆಯಾಗಿರುವಲ್ಲಿ ಅದನ್ನು ಪ್ರತ್ಯೇಕವಾಗಿ ಹೇಳಿದೆ. ಗರ್ಭಿಣಿಯರು, ಆರು ತಿಂಗಳೊಳಗಿನ ಶಿಶುಗಳು, ಇಳಿವಯಸ್ಸಿನವರು ಹಾಗೂ ಮೂತ್ರಪಿಂಡ, ಹೃದಯ ಅಥವಾ ಮಧುಮೇಹದ ತೊಂದರೆ ಇರುವವರು ಮನೆಯ ಪ್ರಯತ್ನವನ್ನು ದೀರ್ಘಕಾಲ ಮುಂದುವರಿಸದೆ ಬೇಗನೆ ವೈದ್ಯರನ್ನು ಕಾಣಬೇಕು.

## ಮೊದಲೇ ಸಿದ್ಧವಿರಬೇಕಾದ ವಸ್ತುಗಳು

ಒಂದು ಲೀಟರ್ ಗುರುತಿರುವ ಪಾತ್ರೆ ಅಥವಾ ಬಾಟಲಿ, 5 ಮಿ.ಲೀ. ಹಿಡಿಯುವ ಅಳತೆಯ ಚಮಚ, ಜ್ವರ ನೋಡುವ ಥರ್ಮಾಮೀಟರ್, ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಯುವ ಸಕ್ಕರೆ-ಲವಣಗಳ ಪುಡಿ) ಪೊಟ್ಟಣಗಳು, ಸಕ್ಕರೆ, ಉಪ್ಪು, ಹಸಿ ಶುಂಠಿ, ಬಿಸಿನೀರಿನ ಚೀಲ, ಸೋಪು, ಜೊತೆಗೆ ಒಂದು ಕಾಗದ ಮತ್ತು ಪೆನ್ನು ಇದ್ದರೆ ಸಾಕು. ಇವುಗಳಲ್ಲಿ ಜನ ಅನಗತ್ಯವೆಂದು ಭಾವಿಸುವ ಅಳತೆಯ ಚಮಚ ಮತ್ತು ಕಾಗದವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮನೆಯಲ್ಲಿರುವ ಚಮಚಗಳ ಗಾತ್ರ ಒಂದರಂತೆ ಒಂದಿರುವುದಿಲ್ಲ, ಮತ್ತು ಎಷ್ಟು ಸಲ ಭೇದಿಯಾಯಿತು, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ ಎಂಬುದು ಬಳಲಿದ ಮನುಷ್ಯನ ನೆನಪಿನಲ್ಲಿ ಉಳಿಯುವುದಿಲ್ಲ.

## ಹಂತ 1: ಇದು ಮನೆಯಲ್ಲಿ ನೋಡಿಕೊಳ್ಳಬಹುದಾದ ತೊಂದರೆಯೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಹಾರಿಸುವವರೇ ಹೆಚ್ಚು. ಹೊಟ್ಟೆನೋವುಗಳಲ್ಲಿ ಬಹುಪಾಲು ತಾವಾಗಿಯೇ ಶಮನವಾಗುತ್ತವೆ ಎಂಬುದು ನಿಜವಾದರೂ, ಶಮನವಾಗದ ಕೆಲವನ್ನು ಕಷಾಯ ಕುಡಿಸುತ್ತ ಕಾಯುವುದು ಅಪಾಯಕಾರಿ. ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಹಂತಗಳನ್ನು ಓದುವ ಅಗತ್ಯವಿಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

- ಹೊಕ್ಕುಳಿನ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಕಿಬ್ಬೊಟ್ಟೆಯ ಬಲಭಾಗಕ್ಕೆ ಸರಿದು, ನಡೆದರೆ ಅಥವಾ ಕೆಮ್ಮಿದರೆ ಹೆಚ್ಚಾಗುವುದು. ಇದು ಅಪೆಂಡಿಸೈಟಿಸ್ (ದೊಡ್ಡ ಕರುಳಿಗೆ ಅಂಟಿಕೊಂಡಿರುವ ಅಪೆಂಡಿಕ್ಸ್ ಎಂಬ ಸಣ್ಣ ಚೀಲದ ಉರಿಯೂತ) ಇರಬಹುದು. ಇಲ್ಲಿ ಭೇದಿಯ ಔಷಧ ಕೊಡುವುದಾಗಲಿ ಹೊಟ್ಟೆಗೆ ಶಾಖ ಕೊಡುವುದಾಗಲಿ ಸಲ್ಲದು.
- ಹೊಟ್ಟೆ ಹಲಗೆಯಂತೆ ಬಿಗಿಯಾಗಿ, ಮುಟ್ಟಲೂ ಬಿಡದಷ್ಟು ನೋವಾಗುವುದು, ಅಥವಾ ನೋವು ಹಠಾತ್ತನೆ ಬಂದು ತಡೆಯಲಾಗದಷ್ಟು ತೀವ್ರವಾಗುವುದು.
- ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಣಗಳು. ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾಗಿ ಅಂಟಂಟಾದ ಮಲ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರ ಮಲ ಸಹಜವಾಗಿಯೇ ಕಪ್ಪಾಗಬಹುದು. ಆದರೆ ಸಂದೇಹವಿದ್ದಾಗ ಪರೀಕ್ಷಿಸಿಕೊಳ್ಳುವುದೇ ಸರಿ.
- ಮೇಲುಹೊಟ್ಟೆಯ ಉರಿ ಅಥವಾ ಒತ್ತಡದ ಜೊತೆಗೆ ಬೆವರು, ಏದುಸಿರು, ಎದೆ, ತೋಳು ಅಥವಾ ದವಡೆಯ ಕಡೆಗೆ ಹರಡುವ ನೋವು. ಹೃದಯಾಘಾತವು ಅಜೀರ್ಣದ ವೇಷದಲ್ಲಿ ಬರುವುದುಂಟು, ವಿಶೇಷವಾಗಿ ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ ಮತ್ತು ವಯಸ್ಸಾದವರಲ್ಲಿ.
- ವಾಂತಿಯಾಗುತ್ತಲೇ ಇದ್ದು ಮಲವೂ ಹೋಗದೆ, ಗಾಳಿಯೂ ಹೊರಬಾರದೆ ಹೊಟ್ಟೆ ಉಬ್ಬುತ್ತಿರುವುದು.
- ಶಿಶುವಿನ ವಾಂತಿ ಹಸಿರು ಬಣ್ಣದಲ್ಲಿರುವುದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ.
- ಮಂಪರು, ಗೊಂದಲದ ಮಾತು, ಎದ್ದುನಿಂತರೆ ತಲೆಸುತ್ತಿ ಬೀಳುವಂತಾಗುವುದು.

ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳುಗಳಿಂದ ಮೃದುವಾಗಿ ಹಿಡಿದೆತ್ತಿ ಬಿಟ್ಟಾಗ ಅದು ತಕ್ಷಣ ಸಮವಾಗಬೇಕು. ಮಗುವಿನಲ್ಲಿ ಅದು ಹಿಂದಿನ ಸ್ಥಿತಿಗೆ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಕಣ್ಣು ಗುಳಿಬಿದ್ದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಅಥವಾ ನೆತ್ತಿಯ ಸುಳಿ ಕುಸಿದಿದ್ದರೆ ದೇಹದ ನೀರು ಬಹಳವೇ ಬತ್ತಿದೆ ಎಂದರ್ಥ. ವಯಸ್ಸಾದವರಲ್ಲಿ ಚರ್ಮ ಸಹಜವಾಗಿಯೇ ಸಡಿಲವಾಗಿರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಅವರಲ್ಲಿ ಒಣಗಿದ ನಾಲಿಗೆ ಮತ್ತು ಕಡಿಮೆಯಾದ ಮೂತ್ರವನ್ನು ಗಮನಿಸಬೇಕು.

## ಹಂತ 2: ತೊಂದರೆಯ ಬಗೆಯನ್ನು ಗುರುತಿಸಿ

"ಹೊಟ್ಟೆ ಕೆಟ್ಟಿದೆ" ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಕೆರಳಿಸುತ್ತದೆ. ವಾಕರಿಕೆ ಮತ್ತು ವಾಂತಿ ಒಂದು ಬಗೆ, ನೀರಿನಂಥ ಭೇದಿ ಇನ್ನೊಂದು. ಎದೆಯುರಿ ಹಾಗೂ ಹುಳಿತೇಗು ಬೇರೆ, ಹೊಟ್ಟೆಯುಬ್ಬರ ಬೇರೆ, ಮಲಬದ್ಧತೆಯಿಂದ ಬರುವ ನೋವು ಮತ್ತೂ ಬೇರೆ. ಎರಡು ಸೇರಿಕೊಂಡಿದ್ದರೆ ಯಾವುದು ಮುಂದಾಗಿ ಕಾಡುತ್ತಿದೆಯೋ ಅದರಿಂದ ಆರಂಭಿಸಿ. ಆದರೆ ವಾಂತಿ ಅಥವಾ ಭೇದಿ ಇದ್ದಲ್ಲಿ ಅದಕ್ಕೇ ಮೊದಲ ಸ್ಥಾನ.

ತೊಂದರೆ ಆರಂಭವಾದ ಹೊತ್ತನ್ನೂ ಬರೆದಿಡಿ. ಊಟವಾದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಜೋರಾಗಿ ವಾಂತಿ ಆರಂಭವಾದರೆ ಸ್ಟಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಆಹಾರದಲ್ಲಿ ಮೊದಲೇ ಬಿಟ್ಟಿರುವ ವಿಷ ಕಾರಣವಿರಬಹುದು; ಇದು ಸಾಮಾನ್ಯವಾಗಿ ಒಂದು ದಿನದಲ್ಲಿ ತಗ್ಗುತ್ತದೆ. ವಾಂತಿ ಭೇದಿ ತರುವ ನೊರೊವೈರಸ್ ಎಂಬ ವೈರಸ್ಸಿನ ತೊಂದರೆ ಸೋಂಕು ತಗುಲಿದ 12ರಿಂದ 48 ಗಂಟೆಗಳ ನಂತರ ಕಾಣಿಸಿಕೊಂಡು ಒಂದರಿಂದ ಮೂರು ದಿನ ಇರುತ್ತದೆ. ಇತ್ತೀಚೆಗೆ ಹೊಸ ಮಾತ್ರೆ ಆರಂಭಿಸಿದ್ದರೆ ಅದನ್ನೂ ಬರೆದುಕೊಳ್ಳಬೇಕು, ಏಕೆಂದರೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕೆರಳಿಸುತ್ತವೆ ಮತ್ತು ಆ್ಯಂಟಿಬಯಾಟಿಕ್‌ಗಳು ಭೇದಿ ತರಬಲ್ಲವು. ಹೊಟ್ಟೆ ನೋಯುತ್ತಿದೆಯೆಂದು ಐಬುಪ್ರೊಫೇನ್ ನುಂಗುವವರಿದ್ದಾರೆ. ಉರಿಗೆ ಕಾರಣವಾಗಬಲ್ಲ ಮಾತ್ರೆಯನ್ನೇ ಉರಿಗೆ ಮದ್ದೆಂದು ನುಂಗಿದಂತಾಗುತ್ತದೆ.

## ಹಂತ 3: ಹೊಟ್ಟೆಗೆ ಸ್ವಲ್ಪ ಹೊತ್ತು ಬಿಡುವು ಕೊಡಿ

ಈಗಷ್ಟೇ ವಾಂತಿಯಾಗಿದ್ದರೆ ಸುಮಾರು ಹತ್ತು ನಿಮಿಷ ಏನನ್ನೂ ಕೊಡಬೇಡಿ. ಬಾಯಿ ಮುಕ್ಕಳಿಸಬಹುದು, ತುಟಿ ಒದ್ದೆ ಮಾಡಿಕೊಳ್ಳಬಹುದು. ವಾಂತಿಯ ಆಮ್ಲ ಹಲ್ಲಿನ ಹೊರಪದರವನ್ನು ಮೆದುವಾಗಿಸಿರುವುದರಿಂದ ತಕ್ಷಣ ಹಲ್ಲುಜ್ಜದೆ ಬರಿ ನೀರಿನಲ್ಲಿ ಮುಕ್ಕಳಿಸುವುದು ಒಳ್ಳೆಯದು. ಬೆನ್ನಿನ ಮೇಲೆ ಅಂಗಾತ ಮಲಗುವ ಬದಲು ತಲೆ ಎತ್ತರಿಸಿ ಒರಗಿ ಕೂರಬೇಕು, ಅಥವಾ ಮಗ್ಗುಲಾಗಿ ಮಲಗಬೇಕು. ಅಂಗಾತ ಮಲಗಿದವರಿಗೆ ಮತ್ತೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಸೊಂಟದ ಬಿಗಿ ಉಡುಪನ್ನು ಸಡಿಲಿಸಿ.

ಬಿಡುವು ಎಂದರೆ ದಿನವಿಡೀ ಉಪವಾಸವಲ್ಲ. "ಹೊಟ್ಟೆ ಖಾಲಿಯಿದ್ದರೆ ಭೇದಿ ತಾನಾಗಿ ನಿಲ್ಲುತ್ತದೆ" ಎಂದು ನೀರನ್ನೂ ತಡೆಯುವುದು ಈ ಇಡೀ ವಿಷಯದಲ್ಲಿ ಜನ ಮಾಡುವ ಅತ್ಯಂತ ಹಾನಿಕರ ತಪ್ಪು. ಆಹಾರ ನಿಂತರೂ ಕರುಳಿನಿಂದ ನೀರು ಮತ್ತು ಲವಣ ಹೋಗುತ್ತಲೇ ಇರುತ್ತವೆ. ಎದೆಹಾಲು ಕುಡಿಯುವ ಮಗುವಿಗೆ ವಾಂತಿ ಭೇದಿಯ ನಡುವೆಯೂ ಹಾಲೂಡಿಸುವುದನ್ನು ನಿಲ್ಲಿಸಬಾರದು.

## ಹಂತ 4: ನೀರು ಮತ್ತು ಲವಣವನ್ನು ಗುಟುಕು ಗುಟುಕಾಗಿ ಮರಳಿಸಿ

ವಾಂತಿ ಭೇದಿಗಳಲ್ಲಿ ಜೀವ ಉಳಿಸುವುದು ಈ ಹಂತವೇ. ಉಳಿದೆಲ್ಲವೂ ಇದರ ನಂತರದ ಮಾತು. ಭೇದಿಯ ಸಮಯದಲ್ಲಿಯೂ ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಅನ್ನು ಒಟ್ಟಿಗೆ ಒಳಗೆಳೆದುಕೊಳ್ಳುವ ವ್ಯವಸ್ಥೆ ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ, ಮತ್ತು ಅವೆರಡರ ಹಿಂದೆ ನೀರೂ ದೇಹದೊಳಕ್ಕೆ ಹೋಗುತ್ತದೆ. ಹಾಗಾಗಿ ಸಕ್ಕರೆ ಮತ್ತು ಉಪ್ಪು ಎರಡೂ ಇರಬೇಕು, ಅದೂ ನಿಗದಿತ ಪ್ರಮಾಣದಲ್ಲಿ. ಸಕ್ಕರೆ ಹೆಚ್ಚಾದರೆ ಕರುಳು ದೇಹದಿಂದಲೇ ನೀರನ್ನು ಎಳೆದುಕೊಂಡು ಭೇದಿ ಇಮ್ಮಡಿಸುತ್ತದೆ. ಉಪ್ಪು ಹೆಚ್ಚಾದರೆ ರಕ್ತದ ಸೋಡಿಯಂ ಏರಿ ಮಕ್ಕಳಿಗೆ ಪ್ರಾಣಾಪಾಯವಾಗಬಹುದು.

ಪೊಟ್ಟಣ ಇದ್ದರೆ: ಅದರ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಬೇಕು. 200 ಮಿ.ಲೀ. ನೀರಿಗೆಂದು ಬರುವ ಸಣ್ಣ ಪೊಟ್ಟಣವೂ ಇದೆ, ಒಂದು ಲೀಟರಿನ ದೊಡ್ಡದೂ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುವುದು, ಅಥವಾ ಸ್ವಲ್ಪ ಪುಡಿ ಈಗ, ಸ್ವಲ್ಪ ಸಂಜೆಗೆ ಎಂದು ಅಂದಾಜಿನಲ್ಲಿ ಹಂಚುವುದು ಪದೇ ಪದೇ ಕಾಣುವ ತಪ್ಪು. ರುಚಿಗೆಂದು ಹಾಲು, ಹಣ್ಣಿನ ರಸ ಅಥವಾ ಇನ್ನಷ್ಟು ಸಕ್ಕರೆ ಸೇರಿಸಬಾರದು.

ಪೊಟ್ಟಣ ಇಲ್ಲದಿದ್ದರೆ: ಕುದಿಸಿ ಆರಿಸಿದ ಒಂದು ಲೀಟರ್ ಶುದ್ಧ ನೀರಿಗೆ 5 ಮಿ.ಲೀ. ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ ಮತ್ತು ಮಟ್ಟಸವಾಗಿ ಅರ್ಧ ಚಮಚ ಉಪ್ಪನ್ನು ಹಾಕಿ ಪೂರ್ತಿ ಕರಗಿಸಿ. ಚಮಚದ ಮೇಲೆ ಗುಡ್ಡೆಯಾಗಿ ನಿಂತಿರುವುದನ್ನು ಚಾಕುವಿನ ಬೆನ್ನಿನಿಂದ ಸವರಿ ತೆಗೆಯಬೇಕು. ಮಿಶ್ರಣ ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಇದರಲ್ಲಿ ಪೊಟ್ಟಣದಲ್ಲಿರುವ ಪೊಟ್ಯಾಸಿಯಂ ಇರುವುದಿಲ್ಲವಾದ್ದರಿಂದ ಇದು ತಾತ್ಕಾಲಿಕ ಬದಲಿ ಮಾತ್ರ. ಯಾವ ಬಗೆಯದಾದರೂ ಕಲಸಿ 24 ಗಂಟೆಗಳಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಕೊಡುವ ಬಗೆ: ವಾಂತಿಯ ನಂತರದ ಹತ್ತು ನಿಮಿಷ ಕಳೆದ ಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಆರಂಭಿಸಿ. ಅರ್ಧ ಗಂಟೆ ನಿಂತರೆ ಎರಡು ಚಮಚಕ್ಕೆ, ಆಮೇಲೆ ಸಣ್ಣ ಗುಟುಕಿಗೆ ಏರಿಸಿ. ಬಾಯಾರಿಕೆಯಿಂದ ರೋಗಿ ಗಟಗಟನೆ ಕುಡಿಯಲು ಹವಣಿಸುತ್ತಾನೆ. ಹಿಗ್ಗಿದ ಜಠರ ಅಷ್ಟನ್ನೂ ಹೊರಹಾಕುತ್ತದೆ, ಮತ್ತು ಮನೆಯವರು ಓಆರ್‌ಎಸ್ ಒಗ್ಗುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಒಗ್ಗದಿರುವುದು ವೇಗ ಮಾತ್ರ. ಭೇದಿಯಿರುವಾಗ ಪ್ರತಿ ಸಲದ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಬೇಕು.

ಬಾಟಲಿಯ ತಂಪುಪಾನೀಯ, ಸಿಹಿಯಾದ ಹಣ್ಣಿನ ರಸ ಮತ್ತು ಆಟಗಾರರ ಶಕ್ತಿಪಾನೀಯಗಳು ಓಆರ್‌ಎಸ್‌ಗೆ ಸಮವಲ್ಲ; ಅವುಗಳಲ್ಲಿ ಸಕ್ಕರೆ ಹೆಚ್ಚು, ಲವಣ ಕಡಿಮೆ. ಬರಿ ನೀರನ್ನಷ್ಟೇ ಲೀಟರುಗಟ್ಟಲೆ ಕುಡಿಯುವುದೂ ರಕ್ತದ ಸೋಡಿಯಂ ಇಳಿಸುತ್ತದೆ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂಬುದಕ್ಕೆ ಮೂತ್ರವೇ ಸಾಕ್ಷಿ: ತಿಳಿ ಹಳದಿಗೆ ಮರಳಿದರೆ ಸರಿ, ಗಾಢವಾಗಿಯೇ ಉಳಿದರೆ ಸಾಲದು. ಮೂತ್ರವರ್ಧಕ, ರಕ್ತದೊತ್ತಡ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ದೇಹದ ನೀರು ಬತ್ತಿರುವ ದಿನಗಳಲ್ಲಿ ಆ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಫೋನಿನಲ್ಲಾದರೂ ಕೇಳಬೇಕು. ತಾವಾಗಿಯೇ ನಿಲ್ಲಿಸುವುದೂ ತಪ್ಪು, ಯೋಚಿಸದೆ ನುಂಗುವುದೂ ತಪ್ಪು.

## ಹಂತ 5: ತೊಂದರೆಗೆ ತಕ್ಕ ಮದ್ದನ್ನು, ಒಂದು ಸಲಕ್ಕೆ ಒಂದನ್ನೇ, ಆರಿಸಿಕೊಳ್ಳಿ

ಹಲವು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ಯಾವುದು ಹಿತವಾಯಿತು, ಯಾವುದು ಕೆರಳಿಸಿತು ಎಂದು ತಿಳಿಯುವ ದಾರಿ ಇರುವುದಿಲ್ಲ. ಒಂದನ್ನು ಕೊಟ್ಟು ಒಂದೆರಡು ಗಂಟೆ ಕಾದು ನೋಡಿ.

ವಾಕರಿಕೆಗೆ ಶುಂಠಿ. ಎರಡು ಮೂರು ಸೆಂಟಿಮೀಟರ್ ಉದ್ದದ ಹಸಿ ಶುಂಠಿಯ ಸಿಪ್ಪೆ ಹೆರೆದು, ತೆಳುವಾಗಿ ಹೆಚ್ಚಿ, 250 ಮಿ.ಲೀ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಸೋಸಿ, ಉಗುರುಬೆಚ್ಚಗಾದ ಮೇಲೆ ಗುಟುಕರಿಸಬೇಕು. ದಿನಕ್ಕೆ ಎರಡು ಮೂರು ಲೋಟ ಸಾಕು. ಗಟ್ಟಿಯಾದಷ್ಟೂ ಒಳ್ಳೆಯದೆಂದು ಖಾರವಾಗಿ ಕಾಯಿಸಿದರೆ ಎದೆಯುರಿ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಪದೇ ಪದೇ ಕುಡಿಯಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ಯಾವುದರ ಜೊತೆಗೂ ಕೊಡಬಾರದು. ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಸೆಳೆತ ಮತ್ತು ಉಬ್ಬರಕ್ಕೆ ಪುದೀನ, ಶಾಖ, ನಡಿಗೆ. ಪುದೀನ ಕರುಳಿನ ಸ್ನಾಯುವನ್ನು ಸಡಿಲಗೊಳಿಸುತ್ತದೆ; ಒಂದು ಹಿಡಿ ಎಲೆಯನ್ನು ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಿ ಕುಡಿಯಬಹುದು. ಆದರೆ ಅದು ಅನ್ನನಾಳದ ಕೆಳಬಾಗಿಲನ್ನೂ ಸಡಿಲಿಸುವುದರಿಂದ ಎದೆಯುರಿ ಇರುವವರಿಗೆ ಖಂಡಿತ ಬೇಡ. ಬಿಸಿನೀರಿನ ಚೀಲಕ್ಕೆ ದಪ್ಪ ಬಟ್ಟೆ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಹೊಟ್ಟೆಯ ಮೇಲಿಡಿ. ಅದರೊಂದಿಗೆ ನಿದ್ದೆ ಹೋಗಬೇಡಿ, ಸುಟ್ಟ ಗಾಯಗಳಾಗುವುದು ಹಾಗೆಯೇ. ಬರಿ ಉಬ್ಬರವಾದರೆ ಹತ್ತು ಹದಿನೈದು ನಿಮಿಷದ ನಿಧಾನ ನಡಿಗೆ ಅಥವಾ ಮಲಗಿ ಮೊಣಕಾಲುಗಳನ್ನು ಎದೆಗೆ ಎಳೆದುಕೊಳ್ಳುವುದು ಕಷಾಯಗಳಷ್ಟೇ ಫಲ ಕೊಡುತ್ತದೆ. ಚ್ಯೂಯಿಂಗ್ ಗಮ್, ಗ್ಯಾಸ್ ತುಂಬಿದ ಪಾನೀಯ ಮತ್ತು ಸಾರ್ಬಿಟಾಲ್ ಎಂಬ ಸಿಹಿಕಾರಕ ಇರುವ ಸಕ್ಕರೆರಹಿತ ಮಿಠಾಯಿಗಳನ್ನು ಆ ದಿನಗಳಲ್ಲಿ ಬಿಡಬೇಕು.

ಎದೆಯುರಿಗೆ ದೇಹದ ಭಂಗಿ. ಇಲ್ಲಿ ಕುಡಿಯುವುದಕ್ಕಿಂತ ಕೂರುವ, ಮಲಗುವ ರೀತಿ ಮುಖ್ಯ. ತಿಂದ ನಂತರ ಎರಡು ಮೂರು ಗಂಟೆ ಮಲಗಬಾರದು, ಮಲಗುವಾಗ ಎಡಮಗ್ಗುಲಿಗಿರಬೇಕು, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಆಧಾರವಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು. ದಿಂಬುಗಳನ್ನು ಪೇರಿಸಿದರೆ ಸೊಂಟದಲ್ಲಿ ದೇಹ ಮಡಚಿ ಹೊಟ್ಟೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಹಾಲು ಕುಡಿದಾಗ ಸಿಗುವ ತಂಪು ಸ್ವಲ್ಪ ಹೊತ್ತಿನದು, ಅನಂತರ ಅದೇ ಹಾಲು ಇನ್ನಷ್ಟು ಆಮ್ಲ ಸುರಿಯುವಂತೆ ಮಾಡುತ್ತದೆ. ಅಡುಗೆ ಸೋಡಾವನ್ನು ನಾನು ಸಲಹೆ ಮಾಡುವುದಿಲ್ಲ: ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ, ರಕ್ತದೊತ್ತಡ ಮತ್ತು ಮೂತ್ರಪಿಂಡದ ರೋಗಿಗಳಿಗೆ ಅದು ಅಪಾಯ, ಹೊಟ್ಟೆ ತುಂಬಿರುವಾಗ ತೆಗೆದುಕೊಂಡರೆ ಹಠಾತ್ತನೆ ಹುಟ್ಟುವ ಅನಿಲದಿಂದ ಜಠರವೇ ಬಿರಿದ ಅಪರೂಪದ ಉದಾಹರಣೆಗಳೂ ವೈದ್ಯಕೀಯ ವರದಿಗಳಲ್ಲಿವೆ.

ಭೇದಿಗೆ ಬೇರೆ ಮದ್ದು ಬೇಡ. ನಾಲ್ಕನೆಯ ಹಂತವೇ ಅದರ ಮದ್ದು. ಜ್ವರ ಅಥವಾ ರಕ್ತವಿರುವ ಭೇದಿಯಲ್ಲಿ ಲೊಪೆರಮೈಡ್‌ನಂಥ ಭೇದಿ ತಡೆಯುವ ಮಾತ್ರೆ ನುಂಗಿದರೆ ಸೋಂಕು ಒಳಗೇ ಉಳಿದು ಸ್ಥಿತಿ ಬಿಗಡಾಯಿಸಬಹುದು. ವೈದ್ಯರು ಹೇಳದೆ ಮಕ್ಕಳಿಗೆ ಅದನ್ನು ಕೊಡಲೇಬಾರದು. ಐದು ವರ್ಷದೊಳಗಿನ ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆಗೆ 10ರಿಂದ 14 ದಿನ ಸತು (ಜಿಂಕ್) ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಪ್ರಮಾಣವನ್ನು ಮಗುವಿನ ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ.

ಮಲಬದ್ಧತೆಗೆ ಸಾಕಷ್ಟು ನೀರು, ನಡಿಗೆ ಮತ್ತು ಶೌಚಕ್ಕೆ ಕೂರುವಾಗ ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಪಾದದಡಿ ಸಣ್ಣ ಪೀಠ. ನಾರಿನಂಶವನ್ನು ಕೆಲವು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಒಂದೇ ದಿನ ಹೆಚ್ಚಿಸಿದರೆ ಉಬ್ಬರ ಬರುತ್ತದೆ.

## ಹಂತ 6: ಆಹಾರಕ್ಕೆ ಮರಳಿ

ವಾಂತಿ ನಿಂತು, ದ್ರವ ಕೆಲವು ಗಂಟೆ ಹೊಟ್ಟೆಯಲ್ಲಿ ಉಳಿದು, ಹಸಿವು ಮರಳಿದಾಗ ತಿನ್ನಲು ಆರಂಭಿಸಬಹುದು. ಮೆತ್ತಗೆ ಬೆಂದ ಅನ್ನ, ಬೇಯಿಸಿದ ಆಲೂಗಡ್ಡೆ ಅಥವಾ ಕ್ಯಾರೆಟ್, ಮಾಗಿದ ಬಾಳೆಹಣ್ಣು, ಸುಟ್ಟ ಬ್ರೆಡ್ಡು ಸುಲಭವಾಗಿ ಜೀರ್ಣವಾಗುತ್ತವೆ. ಮೂರು ದೊಡ್ಡ ಊಟಗಳ ಬದಲು ಆರು ಸಣ್ಣ ಊಟ ಇರಲಿ.

ಇಲ್ಲಿ ತಪ್ಪುವುದು ಎರಡು ಕಡೆ. ಕೆಲವರು ಮೊದಲ ಹಸಿವಿಗೇ ಕರಿದದ್ದು, ಖಾರ, ಕಾಫಿಗೆ ಹಾರುತ್ತಾರೆ. ಇನ್ನು ಕೆಲವರು ವಾರವಿಡೀ ಅನ್ನ ಮತ್ತು ಬಾಳೆಹಣ್ಣನ್ನೇ ಹಿಡಿದು ಕೂರುತ್ತಾರೆ. ಎರಡನೆಯದರಲ್ಲಿ ಪ್ರೊಟೀನ್ ಬಹಳ ಕಡಿಮೆ, ಕರುಳಿನ ಒಳಪದರ ಹೊಸದಾಗಿ ಬೆಳೆಯಲು ಬೇಕಾದದ್ದು ಅದೇ. ಒಂದೆರಡು ದಿನಗಳಲ್ಲಿ ಬೇಯಿಸಿದ ಮೊಟ್ಟೆ ಅಥವಾ ಬೇಳೆಯನ್ನು ಸೇರಿಸಿ ಎಂದಿನ ಊಟದತ್ತ ಮರಳಬೇಕು. ಮಕ್ಕಳಿಗಂತೂ ನೀರಿನಂಶ ಸರಿಹೋದ ಕೂಡಲೇ ವಯಸ್ಸಿಗೆ ತಕ್ಕ ಎಂದಿನ ಆಹಾರವನ್ನೇ ಕೊಡಬೇಕು.

ಭೇದಿಯ ನಂತರ ಹಾಲು ಕುಡಿದಾಗ ಮತ್ತೆ ಭೇದಿಯಾದರೆ ರೋಗ ಮರುಕಳಿಸಿತೆಂದು ಗಾಬರಿಯಾಗಬೇಕಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕರುಳಿನ ಒಳಪದರದ ಅಂಚಿನಲ್ಲಿರುವುದರಿಂದ ಸೋಂಕಿನಲ್ಲಿ ಮೊದಲು ಕಡಿಮೆಯಾಗುವುದೂ ಅದೇ. ಕೆಲವು ದಿನ ಹಾಲನ್ನು ಬಿಟ್ಟರೆ ಸರಿಹೋಗುತ್ತದೆ. ಮೊಸರನ್ನು ಹಲವರು ಈ ದಿನಗಳಲ್ಲೂ ತಾಳಿಕೊಳ್ಳುತ್ತಾರೆ.

## ಹಂತ 7: ಮನೆಯ ಇತರರಿಗೆ ಹರಡದಂತೆ ತಡೆಯಿರಿ

ಶೌಚದ ನಂತರ ಮತ್ತು ಆಹಾರ ಮುಟ್ಟುವ ಮೊದಲು ಸೋಪಿನಿಂದ 20 ಸೆಕೆಂಡು ಕೈ ತೊಳೆಯಬೇಕು. ಆಲ್ಕೋಹಾಲಿನ ಸ್ಯಾನಿಟೈಸರ್ ನೊರೊವೈರಸ್ ಮೇಲೆ ಅಷ್ಟಾಗಿ ನಾಟುವುದಿಲ್ಲ. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ರೋಗಿಯು ಇತರರಿಗೆ ಅಡುಗೆ ಮಾಡಬಾರದು, ಶಾಲೆಗೆ ಅಥವಾ ಕೆಲಸಕ್ಕೆ ಹೋಗಬಾರದು. ಸಂಶಯವಿರುವ ಆಹಾರವನ್ನು ಮತ್ತೆ ಕುದಿಸಿ ಬಳಸುವ ಯೋಚನೆ ಬೇಡ: ಸ್ಟಫೈಲೊಕಾಕಸ್‌ನ ವಿಷ ಕುದಿತಕ್ಕೆ ಸುಲಭವಾಗಿ ನಾಶವಾಗುವುದಿಲ್ಲ.

## ಹಂತ 8: ಮನೆಯ ಪ್ರಯತ್ನವನ್ನು ಯಾವಾಗ ನಿಲ್ಲಿಸಬೇಕು

ಮೊದಲ ಹಂತದ ಅಪಾಯದ ಲಕ್ಷಣಗಳನ್ನು ಆರು ಗಂಟೆಗೊಮ್ಮೆ ಮತ್ತೆ ಪರಿಶೀಲಿಸಿ, ಏಕೆಂದರೆ ಬೆಳಿಗ್ಗೆ ಇಲ್ಲದ್ದು ಸಂಜೆಗೆ ಕಾಣಬಹುದು. ಅವು ಇಲ್ಲದಿದ್ದರೂ ವಯಸ್ಕರಲ್ಲಿ ಎರಡು ದಿನಗಳಾದರೂ ವಾಂತಿ ಅಥವಾ ಭೇದಿ ಇಳಿಮುಖವಾಗದಿದ್ದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಎಂಟು ಗಂಟೆ ಮೂತ್ರವೇ ಹೋಗದಿದ್ದರೆ ವೈದ್ಯರ ಬಳಿ ಹೋಗಬೇಕು. ಚಿಕ್ಕ ಮಕ್ಕಳಲ್ಲಿ ಅಷ್ಟು ಕಾಯುವಂತಿಲ್ಲ: 24 ಗಂಟೆಯಲ್ಲಿ ಸುಧಾರಣೆ ಕಾಣದಿದ್ದರೆ, ಅಥವಾ ಚಮಚದಿಂದ ಕೊಟ್ಟ ದ್ರವವೂ ಕೆಲವು ಗಂಟೆಗಳಿಂದ ಉಳಿಯದಿದ್ದರೆ ಹೊರಡಬೇಕು. ಎದೆಯುರಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕಾಡುತ್ತಿದ್ದರೆ, ನುಂಗುವುದು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಮನೆಮದ್ದಿನ ವ್ಯಾಪ್ತಿಯದಲ್ಲ.

ಹೋಗುವಾಗ ಬರೆದಿಟ್ಟ ಕಾಗದ ಜೊತೆಗಿರಲಿ: ಆರಂಭವಾದ ಹೊತ್ತು, ವಾಂತಿ ಭೇದಿಗಳ ಲೆಕ್ಕ ಮತ್ತು ಬಣ್ಣ, ಜ್ವರದ ಅಂಕಿ, ಕುಡಿದ ಪ್ರಮಾಣ, ಕೊನೆಯ ಮೂತ್ರದ ಸಮಯ, ದಿನವೂ ನುಂಗುವ ಮಾತ್ರೆಗಳ ಹೆಸರು, ಮತ್ತು ಕೊಟ್ಟ ಪ್ರತಿಯೊಂದು ಮನೆಮದ್ದು. ವೈದ್ಯರು ಬೈಯುತ್ತಾರೆಂದು ಕಷಾಯ, ಸೋಡಾಗಳ ಸಂಗತಿಯನ್ನು ಮುಚ್ಚಿಡುವವರು ಅನೇಕರಿದ್ದಾರೆ. ಔಷಧದ ಆಯ್ಕೆ ಅದನ್ನೂ ಅವಲಂಬಿಸಿರುವುದರಿಂದ ಅದನ್ನೇ ಮೊದಲು ಹೇಳಬೇಕು.